ಯಾರಿಗೆ ಹೊಡೆಯಲಿಕ್ಕೆ?

ಕಳೆದ ಮಳೆಗಾಲದಿಂದ ಈಚೆಗೆ ನಾನೊಂದು ಲೆಕ್ಕ ಇಡುತ್ತಿದ್ದೇನೆ. ಒಂದೇ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರ ಲೆಕ್ಕ. ಇವತ್ತಿಗೆ ಹತ್ತೊಂಬತ್ತು ಮಂದಿ ಆದರು. ನನ್ನ ಯಜಮಾನರು, ಅತ್ತೆ, ನಾದಿನಿ, ನಾದಿನಿಯ ಮಗ, ಎದುರು ಮನೆಯ ಟೀಚರು, ಬಸ್ಸಿನ ಕಂಡಕ್ಟರು, ಕಚೇರಿಯ ಕ್ಯಾಷಿಯರು, ಹೂವಿನಂಗಡಿಯಾಕೆ, ಹೀಗೆ. ವಯಸ್ಸು, ಜಾತಿ, ವಿದ್ಯೆ ಯಾವುದೂ ಒಂದಕ್ಕೊಂದು ಹೊಂದದ ಇಷ್ಟು ಜನ ಒಂದೇ ಮಾತನ್ನು ಒಂದೇ ಬಗೆಯ ನಗು ನಕ್ಕು ಕೇಳಿದ್ದಾರೆ: "ಯಾರಿಗೆ ಹೊಡೆಯಲಿಕ್ಕೆ?"

ಕೇಳಲು ಕಾರಣ ನನ್ನ ಕೈಯಲ್ಲಿದ್ದ ಒಂದು ಮರದ ಕತ್ತಿ.

ನಗುವುದಿದ್ದರೆ ನೀವೂ ಈಗಲೇ ನಕ್ಕುಬಿಡಿ. ನಕ್ಕು ಮುಗಿದ ಮೇಲೆ ಸ್ವಲ್ಪ ಕೂತು ಕೇಳಿ. ಯಾಕೆಂದರೆ ಇದು ಹಾಸ್ಯದ ಬರಹ ಅಲ್ಲ, ಜಗಳದ್ದು.

ನಾನು ಐವತ್ತಕ್ಕೆ ಎರಡು ಕಡಿಮೆ ಇರುವ ಹೆಂಗಸು. ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಒಬ್ಬಳೇ ಮಗಳು, ಈಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ನಮ್ಮ ಮಂಗಳೂರಿನಲ್ಲಿ ಕರಾಟೆ ಹೊಸತೇನಲ್ಲ. ಬಿಳಿ ಬಟ್ಟೆ ತೊಟ್ಟು ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿದ ಮಕ್ಕಳು ಸಂಜೆಯಾದರೆ ಎಲ್ಲ ಕಡೆ ಕಾಣಸಿಗುತ್ತಾರೆ. ನನ್ನ ಮಗಳೂ ಎಂಟು ವರ್ಷ ಕಲಿತಳು. ಆ ಎಂಟು ವರ್ಷ ನಾನು ಶಾಲೆಯ ಹಾಲಿನ ಗೋಡೆ ಬದಿಯ ಬೆಂಚಿನಲ್ಲಿ ಕೂತು ಮಲ್ಲಿಗೆ ಕಟ್ಟಿದ್ದೇನೆ, ಅಕ್ಕಿಯಲ್ಲಿ ಕಲ್ಲು ಆರಿಸಿದ್ದೇನೆ, ಕಚೇರಿಯ ಬಾಕಿ ಲೆಕ್ಕ ಬರೆದಿದ್ದೇನೆ. ಅವಳು ಊರು ಬಿಟ್ಟ ವರ್ಷ ಅವಳ ಮಾಸ್ತರು ಬೀದಿಯಲ್ಲಿ ಸಿಕ್ಕಿ, "ಬೆಂಚಿನಲ್ಲಿ ಕೂತದ್ದು ಸಾಕಲ್ಲ ಅಕ್ಕ, ಇನ್ನು ಕೆಳಗೆ ಇಳಿಯಿರಿ" ಎಂದರು. ಅವರು ಕರಾಟೆಯ ಜೊತೆಗೆ ಜಪಾನಿನ ಕತ್ತಿವರಸೆಯನ್ನೂ ಕಲಿತವರು. ಬೆಳಗ್ಗೆ ಆರು ಗಂಟೆಗೆ ಹೆಂಗಸರಿಗೆಂದೇ ಒಂದು ತರಗತಿ ಸುರು ಮಾಡಿದ್ದರು. ನಾನು ಇಳಿದೆ. ನಾವು ಏಳು ಜನ. ಒಬ್ಬಳು ನರ್ಸು, ಒಬ್ಬಳು ಟೈಲರು, ಇಬ್ಬರು ಕಾಲೇಜಿನವರು, ಉಳಿದವರು ನನ್ನಂಥವರು.

ಅಲ್ಲಿ ಹಿಡಿಯುವುದು ಮರದ ಕತ್ತಿ. ಬೊಕ್ಕೆನ್ ಎನ್ನುತ್ತಾರೆ, ಜಪಾನಿನಲ್ಲಿ ಬೊಕುತೊ ಎಂಬ ಹೆಸರೂ ಉಂಟು. ಸುಮಾರು 102 ಸೆಂಟಿಮೀಟರ್ ಉದ್ದ, ಅದರಲ್ಲಿ ಹಿಡಿ 25 ಸೆಂಟಿಮೀಟರಿನಷ್ಟು, ತೂಕ ಅರ್ಧ ಕಿಲೋದ ಆಸುಪಾಸು. ಹುಡುಗರು ಆಡುವ ಕ್ರಿಕೆಟ್ ಬ್ಯಾಟಿನ ಅರ್ಧ ಭಾರವೂ ಇಲ್ಲ. ಬ್ಯಾಟು ಹಿಡಿದು ಬಸ್ಸು ಹತ್ತುವ ಹುಡುಗನನ್ನು ಯಾವ ಕಂಡಕ್ಟರೂ "ಯಾರಿಗೆ ಹೊಡೆಯಲಿಕ್ಕೆ?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ತಿಂಗಳು ಮಾಸ್ತರರ ಕತ್ತಿಯನ್ನೇ ಸರದಿಯಲ್ಲಿ ಹಿಡಿದೆವು. ಎರಡನೆಯ ತಿಂಗಳಿಗೆ ನಮ್ಮದೇ ಕತ್ತಿ ಬೇಕಾಯಿತು. ಆಗ ನೋಡಿ, ನಿಜವಾದ ಕಥೆ ಸುರುವಾದದ್ದು. ನನಗೆ ಕತ್ತಿ ಬೇಕು ಎಂಬ ಸುದ್ದಿ ಮನೆಯಲ್ಲಿ ಹಬ್ಬಿದ ಕೂಡಲೇ ಕತ್ತಿಯ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ಯಜಮಾನರು "ಪೊರಕೆ ಕೋಲು ಸಾಕಲ್ಲ" ಎಂದರು. ನಾದಿನಿ "ಹಗುರದ್ದು ತಗೊಳ್ಳಿ ಅತ್ತಿಗೆ, ನಿಮ್ಮ ಕೈಗೆ ತಡೆಯಲಿಕ್ಕಿಲ್ಲ" ಎಂದಳು. ನಾಲ್ಕು ಕೊಡ ನೀರನ್ನು ಬಾವಿಯಿಂದ ಎಳೆದು ಬೆಳೆದ ಕೈಗೆ ಅರ್ಧ ಕಿಲೋ ತಡೆಯುವುದಿಲ್ಲವಂತೆ! ಅವಳ ಮಗನೋ ಫೋನಿನಲ್ಲಿ ಹುಡುಕಿ, "ಅತ್ತೆ, ಇದು ಲೇಡೀಸಿಗೆಂದೇ ಇರುವುದು" ಎಂದು ತಾನೇ ಆರ್ಡರು ಮಾಡಿಬಿಟ್ಟ. ಎರಡು ಸಾವಿರದ ಇನ್ನೂರು ರೂಪಾಯಿ. ದುಡ್ಡು ಮಾತ್ರ ನನ್ನದು.

ಬಂತು. ಕನ್ನಡಿಯಂತೆ ಹೊಳೆಯುವ ಕಪ್ಪು ವಾರ್ನಿಷು, ಅದರ ಮೇಲೆ ಚಿನ್ನದ ಬಣ್ಣದ ಹಾವಿನಂಥ ಪ್ರಾಣಿ, ಹಿಡಿಗೆ ಕೆಂಪು ದಾರ. ನೋಡಿದವರೆಲ್ಲ "ಚಂದ ಉಂಟು" ಎಂದರು. ನಾನೂ ಅಂದುಕೊಂಡೆ. ಅದು ಹನ್ನೊಂದು ದಿನ ಬಾಳಿತು. ಹನ್ನೆರಡನೆಯ ದಿನ ಜೋಡಿ ಅಭ್ಯಾಸ. ನರ್ಸು ಹುಡುಗಿ ಎದುರಿಗಿದ್ದಳು. ಅವಳ ಕತ್ತಿಗೆ ನನ್ನ ಕತ್ತಿ ತಾಗಿದ್ದೇ ತಡ, ಚಟ್ಟನೆ ಸದ್ದು. ತುದಿಯಿಂದ ಗೇಣುದ್ದದ ಒಂದು ಸಿಬಿರು ಎದ್ದು ಹಾರಿ ಅವಳ ಕೆನ್ನೆಯ ಮೇಲೆ ಗೀರಿಕೊಂಡು ಹೋಯಿತು. ಕಣ್ಣಿನಿಂದ ಎರಡು ಬೆರಳು ಕೆಳಗೆ. ಎರಡೇ ಬೆರಳು.

ಅವಳು, "ಅಕ್ಕ, ಏನಿಲ್ಲ, ಏನಿಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ನಾನು ಮಾತ್ರ ಆ ದಿನ ಕಚೇರಿಯಲ್ಲಿ ಒಂದು ರಸೀದಿಯನ್ನೂ ಸರಿಯಾಗಿ ಬರೆಯಲಿಲ್ಲ. ಮುರಿದ ಜಾಗವನ್ನು ಮಾಸ್ತರು ತೋರಿಸಿದ್ದರು. ವಾರ್ನಿಷಿನ ಅಡಿಯಲ್ಲಿ ಹಗುರವಾದ ಯಾವುದೋ ಮೆತ್ತನೆಯ ಮರ, ಅದರ ಎಳೆಗಳು ಉದ್ದಕ್ಕೆ ಹೋಗದೆ ಓರೆಯಾಗಿ ಅಂಚಿಗೆ ಹಾದು ಹೋಗಿವೆ, ತುದಿಯ ಹತ್ತಿರ ಒಂದು ಗಂಟು. ಗಂಟನ್ನು ಮುಚ್ಚಲಿಕ್ಕೇ ಆ ಚಿನ್ನದ ಹಾವು! ನಾನು ಮೊದಲ ದಿನ ಒಂದು ನಿಮಿಷ ಕೂತು ನೋಡಿದ್ದರೆ ಕಾಣುತ್ತಿತ್ತು. ಬದನೆಕಾಯಿ ಕೊಳ್ಳುವಾಗ ತೊಟ್ಟು ತಿರುಗಿಸಿ ನೋಡುವವಳು, ಮೀನಿನ ಕಿವಿ ಬಿಡಿಸಿ ನೋಡುವವಳು, ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುವವಳು, ಕತ್ತಿಯನ್ನು ಮಾತ್ರ ಹುಡುಗನ ಮಾತು ನಂಬಿ ಕೊಂಡೆ. ಯಾಕೆ? ಇದು ನನಗೆ ಗೊತ್ತಾಗುವ ವಸ್ತು ಅಲ್ಲ ಎಂದು ನಾನೇ ಒಪ್ಪಿಕೊಂಡಿದ್ದೆ. ನನ್ನ ಮೊದಲ ಜಗಳ ಇರುವುದು ನನ್ನ ಮೇಲೆಯೇ.

ಅಂದಿನಿಂದ ನಾನು ಕೇಳಿ, ಓದಿ, ಕೈಯಲ್ಲಿ ಹಿಡಿದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮಗಳಿಗಾದರೂ ಬೇಕಾದೀತು.

ಅಭ್ಯಾಸದ ಕತ್ತಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ನಾನು ಹೇಳಿದ ಮರದ್ದು. ಜಪಾನಿನಲ್ಲಿ ಇದನ್ನು ಹೆಚ್ಚಾಗಿ ಅಲ್ಲಿಯ ಓಕ್ ಮರದಿಂದ ಮಾಡುತ್ತಾರೆ, ಬಿಳಿಯದು, ಕೆಂಪಿನದು ಎಂದು ಎರಡು ಜಾತಿ. ಕ್ಯೂಶೂ ದ್ವೀಪದ ಮಿಯಕೊನೊಜೊ ಎಂಬ ಊರು ಈ ಕೆಲಸಕ್ಕೆ ಹೆಸರಾದದ್ದು. ಎರಡನೆಯದು ಶಿನಾಯ್. ಬಿದಿರಿನ ನಾಲ್ಕು ಸೀಳುಗಳನ್ನು ಒಟ್ಟಿಗೆ ಕಟ್ಟಿದ್ದು. ಮುಖಕ್ಕೂ ಎದೆಗೂ ಕವಚ ಹಾಕಿಕೊಂಡು ನಿಜವಾಗಿ ಹೊಡೆದಾಡುವ ಕೆಂಡೊ ಆಟಕ್ಕೆ ಅದು. ಮೂರನೆಯದು ಇಯಾಯ್ತೊ. ನೋಡಲಿಕ್ಕೆ ಉಕ್ಕಿನ ಕತ್ತಿಯಂತೆಯೇ ಇದ್ದರೂ ಸತು ಮತ್ತು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದದ್ದು, ಅಲಗಿಗೆ ಹರಿತವಿಲ್ಲ. ಒರೆಯಿಂದ ಎಳೆಯುವುದು, ಬೀಸುವುದು, ಮತ್ತೆ ಒರೆಗೆ ಸೇರಿಸುವುದು, ಇದನ್ನು ಒಬ್ಬರೇ ಅಭ್ಯಾಸ ಮಾಡುವವರಿಗೆ. ಅದರಿಂದ ಇನ್ನೊಂದು ಕತ್ತಿಗೆ ಹೊಡೆಯಬಾರದು. ಅದನ್ನು ಎತ್ತರಕ್ಕೆ ತಕ್ಕಂತೆ ಆರಿಸಬೇಕು. ನೇರ ನಿಂತು, ಕೈಯನ್ನು ಸಡಿಲವಾಗಿ ಇಳಿಬಿಟ್ಟು ಹಿಡಿದಾಗ ತುದಿ ನೆಲಕ್ಕೆ ತಾಗದೆ ಸ್ವಲ್ಪವೇ ಮೇಲೆ ನಿಲ್ಲಬೇಕು. ಸುರುವಿಗೆ ಇದು ಯಾರಿಗೂ ಬೇಡ. ಮರದ್ದು ಸಾಕು.

ಇವು ಮೂರೂ ಅಲ್ಲದ ನಾಲ್ಕನೆಯದೊಂದು ಉಂಟು. ಅದೇ ಹೆಚ್ಚು ಮಾರಾಟವಾಗುವುದು. ಗೋಡೆಗೆ ತೂಗುಹಾಕುವ ಶೋಕಿ ಕತ್ತಿ. ಸ್ಟೈನ್‌ಲೆಸ್ ಸ್ಟೀಲಿನ ಥಳಥಳ ಅಲಗು, ಆದರೆ ಹಿಡಿಯ ಒಳಗೆ ಹೋಗುವುದು ಒಂದು ಸಪೂರ ಸರಳು ಮಾತ್ರ, ಅದನ್ನೂ ಬೆಸೆದಿರುತ್ತಾರೆ. ಜೋರಾಗಿ ಬೀಸಿದರೆ ಅಲಗು ಹಿಡಿಯಿಂದ ಕಳಚಿ ಹಾರೀತು. ಸರಿಯಾದ ಕತ್ತಿಯಲ್ಲಿ ಅಲಗಿನ ಬಾಲ ಹಿಡಿಯೊಳಗೆ ಸಾಕಷ್ಟು ಉದ್ದಕ್ಕೆ ಹೋಗಿ ಬಿದಿರಿನ ಬೆಣೆಯಿಂದ ಭದ್ರವಾಗಿರುತ್ತದೆ. ಶೋಕಿಯದ್ದನ್ನು ಗೋಡೆಗೆ ಬಿಟ್ಟುಬಿಡಿ. ಹರಿತವಾದ ಕತ್ತಿಯ ಸಹವಾಸವಂತೂ ಬೇಡವೇ ಬೇಡ. ನಮ್ಮ ದೇಶದ ಆಯುಧ ಕಾಯ್ದೆ 1959ರದ್ದು. ಅದರ ನಿಯಮಗಳ ಪಟ್ಟಿಯಲ್ಲಿ ಖಡ್ಗವೂ ಇದೆ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚೂರಿಯೂ ಇದೆ.

ಇನ್ನು "ಹೆಂಗಸರಿಗೆ ಹಗುರದ್ದು" ಎಂಬ ಮಾತಿಗೆ ಬರೋಣ. ಕೆಂಡೊ ಪಂದ್ಯದ ನಿಯಮದಲ್ಲಿ ದೊಡ್ಡವರ ಶಿನಾಯ್ 120 ಸೆಂಟಿಮೀಟರ್ ಮೀರಬಾರದು. ಹೆಂಗಸರಿಗೂ ಗಂಡಸರಿಗೂ ಅದೇ ಉದ್ದ. ತೂಕ ಗಂಡಸರದ್ದು 510 ಗ್ರಾಮಿಗಿಂತ ಕಡಿಮೆ ಇರಬಾರದು, ಹೆಂಗಸರದ್ದು 440 ಗ್ರಾಮಿಗಿಂತ. ವ್ಯತ್ಯಾಸ 70 ಗ್ರಾಂ. ಒಂದು ಒಳ್ಳೆಯ ಲಿಂಬೆಹಣ್ಣಿನ ತೂಕ! ನಮ್ಮ ಬಲದ ಬಗ್ಗೆ ಆ ಆಟದವರ ಲೆಕ್ಕ ಒಂದು ಲಿಂಬೆಹಣ್ಣಿನಷ್ಟು ಕಡಿಮೆ, ನಮ್ಮ ಮನೆಯವರ ಲೆಕ್ಕವೋ ಪೊರಕೆ ಕೋಲಿನಷ್ಟು. ಅದಕ್ಕಿಂತ ದೊಡ್ಡ ವಿಷಯ, ನಿಯಮ ಹೇಳುವುದು "ಇದಕ್ಕಿಂತ ಹಗುರ ಕೂಡದು" ಎಂದು. ಹಗುರವಾದಷ್ಟೂ ತೆಳ್ಳಗಾಗುತ್ತದೆ, ತೆಳ್ಳಗಾದಷ್ಟೂ ಒಡೆಯುತ್ತದೆ, ಒಡೆದರೆ ಎದುರಿಗಿದ್ದವರ ಕಣ್ಣು. "ಹೆಂಗಸರ ವಸ್ತು" ಎಂದು ನಮಗೆ ಮಾರುವ ಹಗುರ ಚಂದದ ಸರಕುಗಳೆಲ್ಲ ಹೀಗೆಯೇ. ಸೂಟ್‌ಕೇಸಿನಿಂದ ಸ್ಕೂಟರಿನವರೆಗೆ ಬಣ್ಣ ನಮಗೆ, ಗಟ್ಟಿತನ ಬೇರೆಯವರಿಗೆ.

ಈ ಸಲ ನಾನೇ ಹೊರಟೆ. ಎಲ್ಲಿಗೆ? ಬಂದರಿಗೆ.

ಬಂದರು ನನ್ನ ಅಪ್ಪನ ಊರೆಂದೇ ಹೇಳಬೇಕು. ಅಪ್ಪ ಅಲ್ಲಿಯ ಒಂದು ಮಂಡಿಯಲ್ಲಿ ಮೂವತ್ತು ವರ್ಷ ರೈಟರಾಗಿದ್ದರು. ಪಣಂಬೂರಿನ ಹೊಸ ಬಂದರು 1974ರಲ್ಲಿ ಮಹಾಬಂದರು ಎಂದು ಘೋಷಣೆಯಾಗಿ ದೊಡ್ಡ ಹಡಗುಗಳೆಲ್ಲ ಅತ್ತ ಹೋದ ಮೇಲೂ ಹಳೆ ಬಂದರು ಸತ್ತಿಲ್ಲ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೋಗುವುದು ಅಲ್ಲಿಂದಲೇ. ಹಗ್ಗ, ಬಲೆ, ಲಂಗರು, ಬೋಲ್ಟು, ಬಣ್ಣ, ಒಣಮೀನು ಎಲ್ಲ ಒಂದೇ ಗಾಳಿಯಲ್ಲಿ ಮೂಗಿಗೆ ಬಡಿಯುವ ಜಾಗ. ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದೆ. ಅಲ್ಲಿ ಹಳೆ ಹೆಂಚಿನ ಮನೆಗಳನ್ನು ಕಳಚಿದ ಮರ ಮಾರುವ ಒಂದು ಅಂಗಡಿ ಇದ್ದದ್ದು ನೆನಪಿತ್ತು. ಹೋಗಿ ನೋಡಿದರೆ ಅಂಗಡಿಯೂ ಇತ್ತು, ಅಂಗಡಿಯ ಹಾಜಿಯವರೂ ಇದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ರೈಟರ ಮಗಳಲ್ಲವಾ ನೀವು?" ಎಂದರು.

ಎಂತ ಬೇಕು ಎಂದು ಕೇಳಿದರು. ಹೇಳಿದೆ. ಹತ್ತೊಂಬತ್ತು ಮಂದಿಯ ಪ್ರಶ್ನೆ ಇಲ್ಲಿಯೂ ಬಂದೇ ಬರುತ್ತದೆ ಎಂದು ಕಾದೆ. ಹಾಜಿಯವರು ಕೇಳಲಿಲ್ಲ. ಒಳಗೆ ಕೆಲಸ ಮಾಡುತ್ತಿದ್ದ ಆಚಾರ್ರನ್ನು ಕರೆದರು. ಆಚಾರ್ರು ಮಾಸ್ತರರಿಂದ ನಾನು ಕೇಳಿ ತಂದಿದ್ದ ಕತ್ತಿಯನ್ನು ತಿರುಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಉಗುರಿನಿಂದ ತಟ್ಟಿ, ಕೊನೆಗೆ ಒಂದು ಮಾತು ಕೇಳಿದರು: "ಅಕ್ಕ, ಇದು ಯಾವುದಕ್ಕೆ ತಾಗುವುದು?"

ನನಗೆ ಆ ಮಾತಿನ ಬೆಲೆ ಕೂಡಲೇ ಗೊತ್ತಾಗಲಿಲ್ಲ. "ಇಂಥದ್ದೇ ಇನ್ನೊಂದು ಮರದ ಕತ್ತಿಗೆ" ಎಂದೆ. "ಹಾಗಾದರೆ ಸಾಗುವಾನಿ ಬೇಡ. ಅದು ಬಾಗಿಲಿಗೆ ಒಳ್ಳೆಯದು, ಪೆಟ್ಟಿಗೆ ಅಲ್ಲ, ಸೀಳುತ್ತದೆ. ಹಲಸು ಮೆತ್ತಗೆ. ಬೋಗಿ ಆದೀತು" ಎಂದರು. ಬೋಗಿ ನಮ್ಮ ಘಟ್ಟದ ತಪ್ಪಲಿನ ಮರ. ಗಟ್ಟಿ, ಭಾರ, ದೋಣಿಗೂ ಬಳಸುತ್ತಿದ್ದರು. ಹಳೆಯ ಮನೆಯೊಂದರ ಮಾಡಿನ ಪಕ್ಕಾಸುಗಳ ರಾಶಿಯಿಂದ ಒಂದನ್ನು ಎಳೆದು ತೆಗೆದರು. ಎಷ್ಟೋ ವರ್ಷ ಹೆಂಚಿನ ಅಡಿಯಲ್ಲಿ ಒಣಗಿದ ಮರ, ಇನ್ನು ಬಾಗುವ ಭಯ ಇಲ್ಲ. ರೀಪಿನ ಮೊಳೆ ಹೊಡೆದ ತೂತು ಇಲ್ಲದ, ಗಂಟಿಲ್ಲದ, ಎಳೆ ನೇರ ಹೋದ ಮೂರೂವರೆ ಅಡಿಯನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಹುಡುಕಿದ್ದು ಅವರಲ್ಲ, ನಾನು. "ನೀವೇ ನೋಡಿ, ಹಿಡಿಯುವುದು ನೀವಲ್ಲವಾ" ಎಂದುಬಿಟ್ಟರು ಆಚಾರ್ರು. ಇಷ್ಟು ದಿನದಲ್ಲಿ ಹಾಗೆ ಹೇಳಿದ್ದು ಅವರೊಬ್ಬರೇ.

ಅಂಗಡಿಯ ಗೋಡೆಗೆ ಒಂದು ಹಳೆಯ ದೋಣಿಯ ಹುಟ್ಟು ಒರಗಿಸಿ ಇಟ್ಟಿದ್ದರು. ಅದನ್ನು ನೋಡಿ ಮಾಸ್ತರು ಹೇಳಿದ ಕಥೆ ನೆನಪಾಯಿತು. ಜಪಾನಿನ ಪ್ರಸಿದ್ಧ ಕತ್ತಿಗಾರ ಮಿಯಾಮೊತೊ ಮುಸಾಶಿ 1612ರಲ್ಲಿ ಒಂದು ಪುಟ್ಟ ದ್ವೀಪದಲ್ಲಿ ಸಸಾಕಿ ಕೊಜಿರೊ ಎಂಬವನೊಂದಿಗೆ ದ್ವಂದ್ವಕ್ಕೆ ಹೋಗುವಾಗ, ದೋಣಿಯಲ್ಲಿ ಕೂತು ಹುಟ್ಟೊಂದನ್ನು ಕೆತ್ತಿ ಮರದ ಕತ್ತಿ ಮಾಡಿಕೊಂಡನಂತೆ. ಅದರಿಂದಲೇ ಗೆದ್ದನಂತೆ. ಆಚಾರ್ರಿಗೆ ಹೇಳಿದೆ. ಅವರು ಹುಟ್ಟನ್ನೊಮ್ಮೆ ನೋಡಿ, "ಅವನಿಗೆ ಮರ ಗೊತ್ತಿತ್ತು" ಎಂದರು, ಅಷ್ಟೇ. ಅದು ಕಥೆಯೋ ನಿಜವೋ, ಎದುರಿನ ಕೊಜಿರೊ ಮಾತ್ರ ಅದರ ಪೆಟ್ಟಿಗೆ ಸತ್ತ ಎಂಬುದನ್ನು ನಾನು ಮರೆಯುವಂತಿಲ್ಲ. ಮರದ ಕತ್ತಿ ಆಟಿಗೆ ಅಲ್ಲ.

ನಾಲ್ಕು ದಿನ ಬಿಟ್ಟು ಹೋದಾಗ ಕತ್ತಿ ತಯಾರಿತ್ತು. ಹಿಡಿಯನ್ನು ಮೊಟ್ಟೆಯ ಆಕಾರಕ್ಕೆ ತಂದಿದ್ದರು, ಕಣ್ಣು ಮುಚ್ಚಿ ಹಿಡಿದರೂ ಅಲಗಿನ ದಿಕ್ಕು ತಿಳಿಯುವಂತೆ. ನನ್ನ ಅಂಗೈಯ ಅಳತೆಗೆ ಇನ್ನೆರಡು ಸಲ ಉಜ್ಜಿದರು. ವಾರ್ನಿಷು ಬೇಡ, ಬೆವರಿದರೆ ಜಾರುತ್ತದೆ, ಬಿರುಕನ್ನೂ ಮುಚ್ಚುತ್ತದೆ, ಅಗಸೆ ಎಣ್ಣೆ ಉಜ್ಜಿ ಸಾಕು ಎಂದರು. ಗೋಡೆಗೆ ಒರಗಿಸಿ ಇಡಬೇಡಿ, ಅಡ್ಡ ಮಲಗಿಸಿ ಇಡಿ, ಬಿಸಿಲಿಗೆ ಬೇಡ ಎಂದರು. ಮರಕ್ಕೂ ಕೂಲಿಗೂ ಸೇರಿ ಒಂಬೈನೂರು ರೂಪಾಯಿ.

ಈಗ ಆ ಹತ್ತೊಂಬತ್ತು ಮಂದಿಗೆ ಬರುತ್ತೇನೆ.

ಕೇಳಿದವರಲ್ಲಿ ಕೆಟ್ಟವರು ಯಾರೂ ಇಲ್ಲ. ಕೇಳಿದ ಮೇಲೆ ಅವರಲ್ಲಿ ಹೆಚ್ಚಿನವರು ತಾವೇ ಒಂದು ಉತ್ತರವನ್ನೂ ಕೊಡುತ್ತಾರೆ: "ಓ, ಆತ್ಮರಕ್ಷಣೆಗಾ? ಹಾಗಾದರೆ ಒಳ್ಳೆಯದು." 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಆ ಹುಡುಗಿಗೆ ಆದದ್ದು ಆದ ಮೇಲೆ ಈ ಮಾತು ಎಲ್ಲರ ಬಾಯಿಗೆ ಬಂತು. ಹೆಣ್ಣುಮಕ್ಕಳು ಹೊಡೆದಾಟ ಕಲಿಯಬಹುದು, ಆದರೆ ಯಾರೋ ಮೈಮೇಲೆ ಬೀಳುತ್ತಾನೆ ಎಂಬ ಭಯ ಇದ್ದರೆ ಮಾತ್ರ! ಹುಡುಗ ಕರಾಟೆ ಕಲಿತರೆ ಅದು ಶಿಸ್ತು, ಆರೋಗ್ಯ, ಪದಕ. ಹುಡುಗಿ ಕಲಿತರೆ ಆತ್ಮರಕ್ಷಣೆ. ಅವನದ್ದು ಬಯಕೆ, ನಮ್ಮದು ಗತಿಗೇಡು.

ನಮ್ಮ ವೀರವನಿತೆಯರನ್ನೇ ನೋಡಿ. ಚಿತ್ರದುರ್ಗದ ಓಬವ್ವನನ್ನು ನಾವು ಹಾಡಿ ಹೊಗಳುತ್ತೇವೆ. ಯಾಕೆ? ಅವಳು ಹಿಡಿದದ್ದು ಒನಕೆ. ಭತ್ತ ಕುಟ್ಟುವ, ಅಡುಗೆಮನೆಯ ಪಕ್ಕದ ಒನಕೆ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋಗಿದ್ದಳು, ಕೈಗೆ ಸಿಕ್ಕಿದ್ದು ಅದು. ಅವಳ ಧೈರ್ಯಕ್ಕೆ ನನ್ನ ತಕರಾರಿಲ್ಲ, ಕೈ ಮುಗಿಯುತ್ತೇನೆ. ಆದರೆ ಅವಳು ಆಯುಧವನ್ನು ಆರಿಸಿಕೊಂಡವಳಲ್ಲ ಎಂಬುದೇ ನಮಗೆ ಹಿತ. ಆರಿಸಿಕೊಂಡವಳೂ ನಮ್ಮಲ್ಲೇ ಇದ್ದಳಲ್ಲ, ನೇತ್ರಾವತಿ ದಾಟಿದರೆ ಉಳ್ಳಾಲ, ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ. ಅವಳಿಗೆ ಪ್ರತಿಮೆ ಮಾಡಿದ್ದೇವೆ, ಉತ್ಸವ ಮಾಡುತ್ತೇವೆ. ಕರಾವಳಿ ರಕ್ಷಣಾ ಪಡೆಯ ಒಂದು ಹಡಗಿಗೆ 2012ರಲ್ಲಿ ಅವಳ ಹೆಸರೇ ಇಟ್ಟಿತು ಸರಕಾರ. ಕಂಚಿನ ಹೆಂಗಸಿಗೆ ಕತ್ತಿ ಕೊಡಲು ನಮಗೆ ಸಂಕೋಚವಿಲ್ಲ. ಬೆಳಗ್ಗೆ ಆರಕ್ಕೆ ಚೂಡಿದಾರ ತೊಟ್ಟು ಹೊರಟ ಹೆಂಗಸಿನ ಕೈಯಲ್ಲಿ ಮರದ ತುಂಡೊಂದನ್ನು ಕಂಡರೆ ಮಾತ್ರ ನಗು.

ಇನ್ನೊಂದು ತಮಾಷೆ ಕೇಳಿ. ಇಪ್ಪತ್ತಾರು ವರ್ಷದಿಂದ ನಾನು ದಿನಾ ಬೆಳಗ್ಗೆ ಮೆಟ್ಟುಕತ್ತಿಯ ಮುಂದೆ ಕೂರುತ್ತೇನೆ. ಹಲಸು ಕೊಯ್ಯುವ, ಮೀನಿನ ತಲೆ ಕತ್ತರಿಸುವ ನಿಜವಾದ ಕಬ್ಬಿಣ, ನಿಜವಾದ ಹರಿತ. ನನ್ನ ಬೆರಳಿನಲ್ಲಿ ಅದರ ಗಾಯದ ಕಲೆಗಳು ನಾಲ್ಕು ಇವೆ. ಅದನ್ನು ನೋಡಿ "ಯಾರಿಗೆ ಹೊಡೆಯಲಿಕ್ಕೆ?" ಎಂದು ಯಾರೂ ಕೇಳಲಿಲ್ಲ. ಕಾನೂನು ಕೂಡ, ಆಗ ಹೇಳಿದ 9 ಅಂಗುಲದ ಲೆಕ್ಕದಿಂದ ಮನೆಗೆಲಸಕ್ಕೆಂದು ಮಾಡಿದ ಅಲಗನ್ನು ಹೊರಗಿಟ್ಟಿದೆ. ಅದು ಸರಿಯೇ. ನನ್ನ ತಕರಾರು ಕಾನೂನಿನ ಮೇಲೆ ಅಲ್ಲ. ನಾನು ಹೇಳುವುದು, ಹರಿತವಾದದ್ದನ್ನು ಹಿಡಿಯಲು ನಮಗೆ ಬರುವುದಿಲ್ಲ ಎಂಬ ಮಾತು ಸುಳ್ಳು. ಬೇರೆಯವರ ಹೊಟ್ಟೆಗಾಗಿ ಹಿಡಿದರೆ ಅದು ಕೆಲಸ, ನನ್ನ ಸಂತೋಷಕ್ಕಾಗಿ ಹಿಡಿದರೆ ಅಪಾಯ. ಇದೇ ಊರಿನ ಗಾದೆಯಾಗಿದೆ.

ಆದರೆ ಹತ್ತೊಂಬತ್ತರಲ್ಲಿ ಒಬ್ಬರು ನಗದೆ ಕೇಳಿದರು. ಎದುರು ಮನೆಯ ಟೀಚರು. "ನಮ್ಮ ಊರಿನಲ್ಲಿ ತಲವಾರಿನ ಸುದ್ದಿ ಕೇಳಿ ಕೇಳಿ ಸಾಕಾಗಿದೆ ಮಾರಾಯ್ತಿ. ಇನ್ನು ಹೆಂಗಸರೂ ಹಿಡಿಯಬೇಕಾ?" ಈ ಮಾತಿಗೆ ನಾನು ಜಗಳ ಮಾಡಲಾರೆ. 2006ರ ಅಕ್ಟೋಬರಿನಲ್ಲಿ ಗಲಭೆಯಾಗಿ ಕರ್ಫ್ಯೂ ಬಿದ್ದಾಗ ನನ್ನ ಮಗಳು ಒಂದು ವರ್ಷದ ಕೂಸು. ಹಾಲಿಗಾಗಿ ಪರದಾಡಿದ್ದನ್ನು ನಾನು ಮರೆತಿಲ್ಲ. 2009ರ ಜನವರಿಯಲ್ಲಿ ಇದೇ ಊರಿನ ಪಬ್ಬೊಂದಕ್ಕೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಹೊಡೆಯುವವರು ಹಿಡಿಯುವ ವಸ್ತುವನ್ನು ನಾನೂ ಹಿಡಿದರೆ ನಾನೂ ಅವರ ಸಾಲಿಗೆ ಸೇರುತ್ತೇನೆಯೇ? ಆ ರಾತ್ರಿ ನಿದ್ದೆ ಬರಲಿಲ್ಲ.

ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟು. ಸೀಟಿನ ಅಡಿಯಲ್ಲಿ ಅಡಗಿಸಿ ಒಯ್ಯುವ ತಲವಾರಿಗೆ ಗುರುವಿಲ್ಲ, ಎದುರಿಗೆ ಜೊತೆಗಾರನಿಲ್ಲ. ಅದಕ್ಕೆ ಗೊತ್ತಿರುವುದು ಬೀಸುವುದು ಮಾತ್ರ. ನಮಗೆ ಮಾಸ್ತರು ಮೊದಲ ಮೂರು ತಿಂಗಳು ಕಲಿಸಿದ್ದು ನಿಲ್ಲಿಸುವುದನ್ನು. ತಲೆಯ ಮೇಲಿಂದ ಪೂರ್ತಿ ಬಲದಿಂದ ಇಳಿದ ಕತ್ತಿ ಎದುರಿನವಳ ಹಣೆಯಿಂದ ಒಂದು ಅಂಗುಲ ಮೇಲೆ ನಿಲ್ಲಬೇಕು. ಅವಳಿಗೆ ಕವಚವಿಲ್ಲ, ಅವಳು ಕಣ್ಣು ಮಿಟುಕಿಸದೆ ನಿಂತಿರುತ್ತಾಳೆ, ನನ್ನ ಕೈಯನ್ನು ನಂಬಿ. ಬೀಸುವುದು ಒಂದು ವಾರದಲ್ಲಿ ಬಂತು. ನಿಲ್ಲಿಸುವುದು ಇನ್ನೂ ಪೂರ್ತಿ ಬಂದಿಲ್ಲ. ನಮ್ಮ ಊರಿಗೆ ಕೊರತೆ ಇರುವುದು ಕತ್ತಿಯದ್ದಲ್ಲ, ಈ ವಿದ್ಯೆಯದ್ದು ಎಂದು ನನಗೆ ಅನಿಸುತ್ತದೆ. ಟೀಚರಿಗೂ ಹಾಗೆಯೇ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಆದರೆ ಒಂದು ದಿನ ಬಂದು ಬೆಂಚಿನಲ್ಲಿ ಕೂತು ನೋಡಿದರು.

ಅವರ ಮಾತಿನಿಂದ ನಾನೂ ಒಂದು ಪಾಠ ಕಲಿತೆ. ಈಗ ಕತ್ತಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಒಯ್ಯುತ್ತೇನೆ, ನಾಚಿಕೆಯಿಂದಲ್ಲ, ಬಸ್ಸಿನಲ್ಲಿ ಹೆದರಬಹುದಾದ ಯಾರದೋ ಮರ್ಯಾದೆಗಾಗಿ. ಊರಿನಲ್ಲಿ ನಿಷೇಧಾಜ್ಞೆ ಇದ್ದ ದಿನ ದೊಣ್ಣೆಯೂ ಆಯುಧವೇ ಆಗುತ್ತದೆ, ಆ ದಿನ ಕತ್ತಿ ಮನೆಯಲ್ಲೇ. ನೀವು ಕೊಂಡರೆ ನೀವೂ ಹಾಗೆ ಮಾಡಿ.

ಕೊಳ್ಳುವಾಗ ಮಾತ್ರ ನೀವೇ ಹೋಗಿ. ಅಣ್ಣನನ್ನು, ಮಗನನ್ನು, ಫೋನನ್ನು ಕಳಿಸಬೇಡಿ. ಬೆಳಕಿಗೆ ಹಿಡಿದು ಎಳೆ ನೋಡಿ, ಉಗುರಿನಿಂದ ತಟ್ಟಿ ಸದ್ದು ಕೇಳಿ, ಗಂಟು ಹುಡುಕಿ, ಹತ್ತು ಸಲ ಎತ್ತಿ ಇಳಿಸಿ ನಿಮ್ಮ ಭುಜವನ್ನೇ ಕೇಳಿ. ಹೊಳೆಯುವುದನ್ನು ಬಿಡಿ. ಎದುರಿಗೆ ನಿಲ್ಲುವವಳ ಕಣ್ಣು ನಿಮ್ಮ ಆಯ್ಕೆಯ ಮೇಲೆ ನಿಂತಿದೆ ಎಂಬುದೊಂದು ನೆನಪಿರಲಿ. ಯಾರಾದರೂ "ಯಾರಿಗೆ ಹೊಡೆಯಲಿಕ್ಕೆ?" ಎಂದರೆ, "ಯಾರಿಗೂ ತಾಗದ ಹಾಗೆ ನಿಲ್ಲಿಸಲಿಕ್ಕೆ" ಎಂದು ಹೇಳಿ. ನಂಬದಿದ್ದರೆ ಬೇಡ.

ಈ ಸಲ ಆಯುಧ ಪೂಜೆಯ ದಿನ ಕಚೇರಿಯಿಂದ ಬರುವಾಗ ತಡವಾಯಿತು. ದೇವರ ಕೋಣೆಯಲ್ಲಿ ಅತ್ತೆ ಎಲ್ಲವನ್ನೂ ಜೋಡಿಸಿ ಆಗಿತ್ತು. ಸ್ಕೂಟರಿನ ಕೀಲಿ, ಯಜಮಾನರ ಸ್ಪಾನರು, ಹೊಲಿಗೆಯ ಕತ್ತರಿ, ತೊಳೆದಿಟ್ಟ ಮೆಟ್ಟುಕತ್ತಿ. ಮೆಟ್ಟುಕತ್ತಿಯ ಪಕ್ಕದಲ್ಲಿ, ಅಡ್ಡ ಮಲಗಿಸಿ, ನನ್ನ ಮರದ ಕತ್ತಿ. ಎರಡಕ್ಕೂ ಕುಂಕುಮ, ಎರಡಕ್ಕೂ ಒಂದೊಂದು ಸೇವಂತಿಗೆ. ಸುರುವಿನಲ್ಲಿ ಕೇಳಿ ನಕ್ಕವರಲ್ಲಿ ಅವರು ಎರಡನೆಯವರು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ತಿರುಗಿ ನೋಡಿ ಕೇಳಿದರು:

"ಇದಕ್ಕೆ ಎಣ್ಣೆ ಹಾಕದೆ ಎಷ್ಟು ದಿನ ಆಯಿತು?"